ಮೂವತ್ತನಾಲ್ಕು ಬಾಟಲಿ ನೊರೆ

ಬಾಲಚಂದ್ರ ಜೀವನದಲ್ಲಿ ಮೊದಲ ಸಲ ಪಾಠ ಹೇಳಲು ನಿಂತಾಗ ಅವರಿಗೆ ಅರವತ್ತೊಂದು ವರ್ಷ. ವಿಜಯವಾಡದ ಬೆಂಜ್ ಸರ್ಕಲ್ಲಿನಿಂದ ಎರಡು ಓಣಿ ಒಳಗಿರುವ ಒಂದು ಜೂನಿಯರ್ ಕಾಲೇಜು, ಅದರ ಮೂರನೇ ಮಹಡಿ, ಎದುರಿಗೆ ಅರವತ್ತೆಂಟು ಹುಡುಗ ಹುಡುಗಿಯರು. ಕೈಯಲ್ಲಿದ್ದ ಚಾಕ್‌ಪೀಸು ಬೆವರಿಗೆ ಒದ್ದೆಯಾಗಿ ಹಲಗೆಯ ಮೇಲೆ ಬರೆಯಲೇ ಒಲ್ಲದು. ಎರಡನೇ ಚಾಕ್‌ಪೀಸು ತೆಗೆದುಕೊಂಡರು. ಅದು ಮುರಿಯಿತು.

ಅವರು ಗದಗಿನವರು. ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ, ಇಪ್ಪತ್ತೊಂಬತ್ತನೇ ವಯಸ್ಸಿಗೆ ವಿಶಾಖಪಟ್ಟಣದ ಒಂದು ಗೊಬ್ಬರ ಕಾರ್ಖಾನೆ ಸೇರಿದರು. ಅಲ್ಲಿಯ ಆ್ಯಸಿಡ್ ಪ್ಲಾಂಟಿನಲ್ಲಿ ಮೂವತ್ತೊಂದು ವರ್ಷ, ಗಾಜುವಾಕದ ಒಂದೇ ಬಾಡಿಗೆ ಫ್ಲ್ಯಾಟಿನಲ್ಲಿ ಅಷ್ಟೇ ವರ್ಷ. ನಿವೃತ್ತರಾದ ಮೇಲೆ ಹೆಂಡತಿ ಶಾರದಾ ಜೊತೆ ವಿಜಯವಾಡಕ್ಕೆ ಬಂದರು. ಗವರ್ನರ್‌ಪೇಟೆಯ ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದ ಮಗಳು ಶ್ರಾವಣಿ, ತನ್ನ ಅಪಾರ್ಟ್‌ಮೆಂಟಿನಲ್ಲೇ ಕೆಳಗಿನ ಮನೆ ಖಾಲಿಯಾದದ್ದೇ ತಡ ಇಬ್ಬರನ್ನೂ ಕರೆಸಿಕೊಂಡಿದ್ದಳು.

ಆ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ದುರ್ಗಾಪ್ರಸಾದ್ ಇದ್ದರು. ಕಾಲೇಜಿನ ವೈಸ್ ಪ್ರಿನ್ಸಿಪಾಲ್, ಗಣಿತದವರು, ನಡೆಯುವಾಗಲೂ ಮೆಟ್ಟಿಲು ಎಣಿಸುವಂಥ ಮನುಷ್ಯ. ಅಕ್ಟೋಬರಿನಲ್ಲಿ ಅವರ ಕೆಮಿಸ್ಟ್ರಿ ಲೆಕ್ಚರರ್ ಒಬ್ಬರು ದಿಢೀರನೆ ಬೇರೆ ಕಾಲೇಜಿಗೆ ಹೋಗಿಬಿಟ್ಟರು. ದುರ್ಗಾಪ್ರಸಾದ್ ಲಿಫ್ಟಿನಲ್ಲಿ ಬಾಲಚಂದ್ರರನ್ನು ಹಿಡಿದರು.

"ಮೂರು ವಾರ ಸಾಕು ಸಾರ್, ಹೊಸಬರು ಬರುವ ತನಕ. ಒಂದೇ ಅಧ್ಯಾಯ. ರಾಸಾಯನಿಕ ಕ್ರಿಯೆಯ ವೇಗ, ಆಮೇಲೆ ಕ್ಯಾಟಲಿಸ್ಟು. ಜೀವನವೆಲ್ಲ ನೀವು ಮಾಡಿದ್ದೇ ಅದು ತಾನೇ?"

ಹೌದು, ಮಾಡಿದ್ದು ಅದನ್ನೇ. ಗಂಧಕ ಸುಟ್ಟ ಅನಿಲವನ್ನು ಆ್ಯಸಿಡ್ ಮಾಡುವ ಹಾದಿಯಲ್ಲಿ ಮೂರಂತಸ್ತಿನ ಮನೆಯಷ್ಟು ಎತ್ತರದ ಒಂದು ಉಕ್ಕಿನ ಗೋಪುರ ಬರುತ್ತದೆ. ಅದರೊಳಗೆ ಹಾಸು ಹಾಸಾಗಿ ಹರಡಿದ ಹಳದಿ ಗುಳಿಗೆಗಳೇ ವೇಗವರ್ಧಕ, ಕಾರ್ಖಾನೆಯವರ ಬಾಯಲ್ಲಿ ಕ್ಯಾಟಲಿಸ್ಟು. ಅವಿಲ್ಲದಿದ್ದರೆ ಅನಿಲ ಆಮೆಯಂತೆ ತೆವಳುತ್ತದೆ, ಇದ್ದರೆ ಓಡುತ್ತದೆ. ಆ ಗೋಪುರ ನೋಡಿಕೊಳ್ಳುವುದೇ ಬಾಲಚಂದ್ರರ ಕೆಲಸವಾಗಿತ್ತು. ಹಾಗಾಗಿ ಲಿಫ್ಟು ಕೆಳಗೆ ತಲುಪುವಷ್ಟರಲ್ಲಿ ಒಪ್ಪಿಕೊಂಡಿದ್ದರು.

ಈಗ ಮೂರನೇ ಚಾಕ್‌ಪೀಸಿನಿಂದ ಹಲಗೆಯ ಮೇಲೆ 'ಕ್ಯಾಟಲಿಸ್ಟ್' ಎಂದು ಬರೆದು ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ಅರವತ್ತೆಂಟು ಮಂದಿ ಅದರ ವ್ಯಾಖ್ಯೆಯನ್ನು ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಒಪ್ಪಿಸಿಬಿಟ್ಟರು: ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು. ಎಲ್ಲೂ ತಪ್ಪಿಲ್ಲ, ಎಲ್ಲೂ ಉಸಿರು ಬಿಡಲಿಲ್ಲ.

"ಏಟಮ್ಮಾ, ಎಲ್ಲಾ ಗೊತ್ತಿದೆಯಲ್ಲ ನಿಮಗೆ" ಎಂದರು ಬಾಲಚಂದ್ರ ತೆಲುಗಿನಲ್ಲಿ.

ತರಗತಿ ಕಿಸಕ್ಕನೆ ನಕ್ಕಿತು. 'ಏನು' ಅನ್ನುವುದಕ್ಕೆ 'ಏಟಿ' ಅನ್ನುವುದು ಗಾಜುವಾಕದ ಕಡೆಯ ತೆಲುಗು. ವಿಜಯವಾಡದ ಮಕ್ಕಳಿಗೆ ಅದು ಬಸ್ಸಿನಲ್ಲಿ ಪಕ್ಕ ಕೂತ ದೂರದೂರಿನ ತಾತನ ಮಾತು. ಬಾಲಚಂದ್ರರಿಗೆ ನಗು ಯಾಕೆಂದು ತಿಳಿಯಲಿಲ್ಲ, ಆದರೂ ತಾವೂ ನಕ್ಕರು. ನಕ್ಕ ಮೇಲೆ ಬೆವರಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಸರಿ. ನಿಮ್ಮಲ್ಲಿ ಯಾರಾದರೂ ಕ್ಯಾಟಲಿಸ್ಟು ಕೆಲಸ ಮಾಡುವುದನ್ನು ನೋಡಿದ್ದೀರಾ?"

ಎರಡನೇ ಬೆಂಚಿನಲ್ಲಿದ್ದ ಅಮೂಲ್ಯಾ ಎಂಬ ಹುಡುಗಿ ಎದ್ದು ನಿಂತಳು. ಎರಡು ಜಡೆ, ಜಗಳಕ್ಕೆ ನಿಂತಂಥ ಮುಖ. "ಸಾರ್, ಮೀರು ಚೂಸಾರಾ? ನೀವು ನೋಡಿದ್ದೀರಾ?"

"ನಾನು ಮೂವತ್ತೊಂದು ವರ್ಷ..." ಎಂದು ಶುರು ಮಾಡಿದ ಬಾಲಚಂದ್ರ ಅಲ್ಲೇ ನಿಂತರು.

ಗುಳಿಗೆಗಳನ್ನು ಗೋಪುರಕ್ಕೆ ತುಂಬುವಾಗ ನೋಡಿದ್ದರು. ವರ್ಷಕ್ಕೊಮ್ಮೆ ಪ್ಲಾಂಟು ನಿಲ್ಲಿಸಿದಾಗ ಹೊರತೆಗೆದು ಜರಡಿ ಹಿಡಿಯುವಾಗಲೂ ನೋಡಿದ್ದರು. ಆಗ ಅವು ಹಸಿರಿಗೆ ತಿರುಗಿರುತ್ತಿದ್ದವು. ನಡುವಿನದು? ನಾನೂರೈವತ್ತು ಡಿಗ್ರಿ ಬಿಸಿಯ ಉಕ್ಕಿನ ಗೋಡೆಯೊಳಗೆ ಆಗುವುದನ್ನು ಯಾರು ನೋಡುತ್ತಾರೆ? ಅವರು ನೋಡಿದ್ದು ಮೀಟರಿನ ಮುಳ್ಳುಗಳನ್ನು.

"ಇಲ್ಲಮ್ಮ" ಎಂದರು. "ಮೊದಲು ನೋಡಿದ್ದೇನೆ, ಆಮೇಲೆ ನೋಡಿದ್ದೇನೆ. ಆಗುವಾಗ ನೋಡಿಲ್ಲ."

ಲೆಕ್ಚರರ್ ಒಬ್ಬರ ಬಾಯಿಂದ 'ಇಲ್ಲ' ಕೇಳಿ ಅಭ್ಯಾಸವಿಲ್ಲದ ತರಗತಿ ಹೋ ಎಂದಿತು. ಅಮೂಲ್ಯಾ ಮಾತ್ರ ನಗದೆ ಕೂತಳು. ಅವಳಿಗೆ ಉತ್ತರ ಸಾಲಲಿಲ್ಲವೆಂದು ಬಾಲಚಂದ್ರರಿಗೆ ಕಂಡಿತು. ನಿಜವೆಂದರೆ, ಅವರಿಗೂ ಸಾಲಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಮೆಡಿಕಲ್ ಶಾಪಿಗೆ ನುಗ್ಗಿ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡಿನ ನಾಲ್ಕು ಬಾಟಲಿ ಕೊಂಡರು. ಅಂಗಡಿಯವನು ಗಾಬರಿಯಾಗಿ ಯಾರಿಗೆ ಏನಾಯಿತೆಂದು ಕೇಳಿದ. "ಅರವತ್ತೆಂಟು ಮಕ್ಕಳಿದ್ದಾರೆ" ಎಂದಷ್ಟೇ ಹೇಳಿ ಬಂದರು.

ಶಾರದಾ ಅಡುಗೆಮನೆಯಲ್ಲಿ ಬಟಾಟಿ ಹೆಚ್ಚುತ್ತಿದ್ದರು. ಗದಗಿನವರ ಬಾಯಲ್ಲಿ ಆಲೂಗಡ್ಡೆ ಎಂದೆಂದಿಗೂ ಬಟಾಟಿಯೇ. ಬಾಲಚಂದ್ರ ಕೈಕಾಲು ತೊಳೆಯದೆ ಒಳಗೆ ಬಂದು, ಹೆಚ್ಚಿದ ಒಂದು ತುಂಡನ್ನು ಗಾಜಿನ ಲೋಟಕ್ಕೆ ಹಾಕಿ, ಬಾಟಲಿಯ ಮುಚ್ಚಳ ತಿರುವಿ ಸುರಿದರು. ನೀರಿನಂತಿದ್ದ ದ್ರಾವಣದಲ್ಲಿ ತುಂಡಿನ ಅಂಚಿಗೆಲ್ಲ ಮುತ್ತು ಪೋಣಿಸಿದಂತೆ ಗುಳ್ಳೆಗಳು ಎದ್ದವು. ತುಂಡು ಒಮ್ಮೆ ಹೊರಳಿ ಮೇಲೆ ತೇಲಿತು.

"ಏನ ಮಾಡಾಕತ್ತೀರಿ?" ಎಂದರು ಶಾರದಾ.

"ನೋಡ, ನೋಡಿಲ್ಲೆ. ಪೆರಾಕ್ಸೈಡು ತಾನ ಒಡದು ನೀರು, ಆಕ್ಸಿಜನ್ ಆಗ್ತದ. ಸುಮ್ಮನ ಇಟ್ರ ವರ್ಷಗಟ್ಟಲೆ ತಗೋತದ. ಬಟಾಟಿಯೊಳಗ ಒಂದು ಎನ್‌ಜೈಮ್ ಅದ, ಅದು ಕ್ಯಾಟಲಿಸ್ಟು. ಅದು ಬಂದ ಕೂಡಲೆ ಲಗೂ ಲಗೂ ಆಗಾಕತ್ತದ."

"ಲಗೂ ಏನಿಲ್ಲ, ಮೆಲ್ಲಕ ಆಗಾಕತ್ತದ. ತುರದು ಹಾಕ್ರಿ."

ಅವರು ಹೆಂಡತಿಯ ಮುಖ ನೋಡಿದರು. ಶಾರದಾ ತಾವೇ ತುರಿಮಣೆ ತೆಗೆದು ಅರ್ಧ ಬಟಾಟಿ ತುರಿದು ಇನ್ನೊಂದು ಲೋಟಕ್ಕೆ ಹಾಕಿದರು. ಈ ಸಲ ಲೋಟ ತುಂಬಿ, ಹೊರಚೆಲ್ಲಿ, ಕಟ್ಟೆಯ ಮೇಲೆ ಬಿಳಿ ನೊರೆ ಹರಿಯಿತು. ಮೇಲ್ಮೈ ಹೆಚ್ಚಾದಷ್ಟೂ ಕ್ರಿಯೆ ಬೇಗ, ಪುಸ್ತಕದಲ್ಲಿ ಎರಡು ಪುಟ ತುಂಬಿದ್ದ ಮಾತು. ಶಾರದಾ ಅದನ್ನು ಬಟಾಟಿ ಹೆಚ್ಚುವ ಹೊತ್ತಿನಲ್ಲಿ ಹೇಳಿ ಮುಗಿಸಿದ್ದರು.

ಅಂದು ಸಂಜೆಯ ಚಹಾ ಆಗಲಿಲ್ಲ. ಬೇಯಿಸಿದ ಬಟಾಟಿ ಹಾಕಿದರು, ಒಂದು ಗುಳ್ಳೆಯೂ ಇಲ್ಲ. "ಬೇಯಿಸಿದ್ರ ಅದರ ಜೀವಾನ ಹೋತು" ಎಂದರು ಶಾರದಾ. ನೊರೆಯೆದ್ದು ತಣ್ಣಗಾದ ಲೋಟದ ನೀರು ಬಸಿದು, ಅದೇ ತುರಿಗೆ ಹೊಸ ದ್ರಾವಣ ಹಾಕಿದರು. ಮತ್ತೆ ಉಕ್ಕಿತು. ಮೂರನೇ ಸಲ ಹಾಕಿದರು, ಆಗಲೂ ಉಕ್ಕಿತು. ತಾನು ಖರ್ಚಾಗದೆ! ಬಾಲಚಂದ್ರ ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಲೋಟವನ್ನು ಬೆಳಕಿಗೆ ಹಿಡಿದು, ಏನೋ ಕುಡಿದವರಂತೆ ನಗುತ್ತಿದ್ದರು. ಬ್ಯಾಂಕಿನಿಂದ ಬಂದ ಶ್ರಾವಣಿ ಬಾಗಿಲಲ್ಲೇ ನಿಂತು ಮೂಸಿ ನೋಡಿದಳು.

"ಅಮ್ಮಾ, ಅಪ್ಪಗ ಏನಾಗೇದ?"

"ನಿಮ್ಮಪ್ಪ ಈಗ ನೋಡ್ಯಾನಂತ. ಮೂವತ್ತೊಂದು ವರ್ಷ ನೋಡಿದ್ದಿಲ್ಲಂತ."

ಮರುದಿನ ನಾಲ್ಕು ಲೋಟ, ತುರಿಮಣೆ, ಅರ್ಧ ಕೆಜಿ ಬಟಾಟಿ, ಜೊತೆಗೆ ಬೇಯಿಸಿದ್ದು ಒಂದು, ಚೀಲದಲ್ಲಿ ಕಾಲೇಜಿಗೆ ಹೋದವು. ಪೀರಿಯಡ್ಡು ಇರುವುದು ನಲವತ್ತೈದು ನಿಮಿಷ. ಬಾಲಚಂದ್ರರು ತುರಿದರೆ ಅಷ್ಟೂ ಹೊತ್ತು ಅದಕ್ಕೇ ಹೋದೀತೆಂದು ಶಾರದಾ ಕೂಡ ಹೋದರು. ಇಳಕಲ್ ಸೀರೆಯ ಹೆಂಗಸೊಬ್ಬರು ಮೇಜಿನ ಹಿಂದೆ ಕೂತು ಬಟಾಟಿ ತುರಿಯುತ್ತಿದ್ದುದನ್ನು ಕಂಡು ಕಾರಿಡಾರಿನಲ್ಲಿ ಹೋಗುತ್ತಿದ್ದ ಇಂಗ್ಲಿಷ್ ಲೆಕ್ಚರರ್ ಎರಡು ಸಲ ಹಿಂದಿರುಗಿ ಬಂದು ನೋಡಿದರು.

ನೊರೆ ಎದ್ದಾಗ ಹಿಂದಿನ ಬೆಂಚಿನವರು ಮುಂದಿನ ಬೆಂಚು ಹತ್ತಿದರು. ಅಮೂಲ್ಯಾ ಲೋಟಕ್ಕೆ ಮೂಗು ಹಚ್ಚಿ ನಿಂತಿದ್ದಳು. ಉತ್ಸಾಹ ಏರಿದಂತೆ ಬಾಲಚಂದ್ರರ ತೆಲುಗಿನಿಂದ ಗದಗು ತಾನಾಗಿಯೇ ಇಣುಕುತ್ತಿತ್ತು. "ಚೂಡಂಡಿ, ನೋಡಿ, ಎಂತ ಲಗೂ, ಲಗೂ!" ಅಂದರು. ತರಗತಿ ಬಿದ್ದು ಬಿದ್ದು ನಕ್ಕಿತು. ಅಮೂಲ್ಯಾಳ ಪಕ್ಕ ಕೂರುವ ಧೀರಜ್ ಎಂಬ ಉದ್ದನೆಯ ಹುಡುಗ ಕೊನೆಗೆ ಎದ್ದು, ನಗು ತಡೆದುಕೊಂಡು ವಿವರಿಸಿದ: "ಸಾರ್, ಲಾಗು ಅಂದರೆ ನಮ್ಮಲ್ಲಿ ಚಡ್ಡಿ."

ಆ ದಿನದಿಂದ ಅವರು ಲಾಗು ಸಾರ್. ಅವರಿಗೂ ಆ ಹೆಸರು ಹಿಡಿಸಿತು.

ನಾಲ್ಕು ಲೋಟ ಯಾರಿಗೂ ಸಾಲಲಿಲ್ಲ. ಎಲ್ಲರಿಗೂ ತಾವೇ ಸುರಿಯಬೇಕು. ವಾರ ಕಳೆದ ಮೇಲೆ ಬಾಲಚಂದ್ರ ಒಪ್ಪಿದರು: ಇಬ್ಬರಿಗೊಂದು ಖಾಲಿ ನೀರಿನ ಬಾಟಲಿ, ಇಬ್ಬರಿಗೊಂದು ನೂರು ಮಿಲಿಯ ಪೆರಾಕ್ಸೈಡು. ಗವರ್ನರ್‌ಪೇಟೆಗೆ ಹೋಗಿ ಬೇಕರಿ ಸಾಮಾನಿನ ಅಂಗಡಿಯಲ್ಲಿ ಯೀಸ್ಟು ತಂದರು, ಅದು ಬಟಾಟಿಗಿಂತ ಜೋರು. ನೊರೆ ಚೆನ್ನಾಗಿ ನಿಲ್ಲಲು ಪಾತ್ರೆ ತೊಳೆಯುವ ದ್ರಾವಣ. ಒಂದೊಂದು ಜೋಡಿಗೂ ಒಂದೊಂದು ಬಗೆ: ಕೆಲವರಿಗೆ ಬೆಚ್ಚನೆಯ ನೀರಿನಲ್ಲಿ ಕಲಸಿದ ಯೀಸ್ಟು, ಕೆಲವರಿಗೆ ತುರಿ, ಕೆಲವರಿಗೆ ತುಂಡು. ಮೂರನೇ ಮಹಡಿಯ ಕಾರಿಡಾರಿನಲ್ಲಿ ಬಾಟಲಿಗಳ ಸಾಲು ನಿಂತಿತು, ಒಟ್ಟು ಮೂವತ್ತನಾಲ್ಕು.

ಕಾರ್ಖಾನೆಯ ಮನುಷ್ಯನಾದ್ದರಿಂದ ಸುರಕ್ಷತೆಯಲ್ಲಿ ಅವರು ಬಲು ಬಿಗಿ. ಯಾರೂ ಬಾಟಲಿಯ ಮೇಲೆ ಬಗ್ಗಬಾರದು, ಸುರಿದ ಕೂಡಲೇ ಮೂರು ಹೆಜ್ಜೆ ಹಿಂದೆ, ಒಂದು ಸಲಕ್ಕೆ ಒಂದೇ ಸಾಲು. ಲೆಕ್ಕವನ್ನೂ ಮಕ್ಕಳಿಂದಲೇ ಮಾಡಿಸಿದರು. ಬಾಟಲಿಯ ಚೀಟಿಯ ಮೇಲೆ 'ಇಪ್ಪತ್ತು ವಾಲ್ಯೂಮ್' ಎಂದಿದೆ, ಅಂದರೆ ತನ್ನ ಇಪ್ಪತ್ತು ಪಟ್ಟು ಆಕ್ಸಿಜನ್ ಕೊಡುತ್ತದೆ. ನೂರು ಮಿಲಿಗೆ ಎರಡು ಲೀಟರು.

"ಮೂವತ್ತನಾಲ್ಕಕ್ಕೆ ಅರವತ್ತೆಂಟು ಲೀಟರು" ಎಂದ ಧೀರಜ್.

"ಒಂದೇ ಸಲಕ್ಕೆ ಅಲ್ಲಪ್ಪ. ಸಾಲು ಸಾಲಾಗಿ."

ಮೊದಲ ಸಾಲು ಸುರಿಯಿತು. ಆರು ಬಾಟಲಿಗಳ ಬಾಯಿಂದ ಬಿಳಿಯ ಹಗ್ಗದಂತೆ ನೊರೆ ಹೊರಟು ನೆಲಕ್ಕೆ ಇಳಿಯಿತು. ಕೂಗು ಎದ್ದಿತು. ಪಕ್ಕದ ಕೋಣೆಯವರು ಕಿಟಕಿಗೆ ಬಂದರು. ಅಷ್ಟರಲ್ಲಿ ಬಾಲಚಂದ್ರ ಗಡಿಯಾರ ನೋಡಿದರು, ಗಂಟೆ ಬಾರಿಸಲು ಆರೇ ನಿಮಿಷ. ಉಳಿದವರಿಗೆ ತಪ್ಪಿಹೋದೀತೆಂದು ಎರಡನೇ ಸಾಲಿನವರ ಕಡೆ ಕೈ ಬೀಸಿ, "ಲಗೂ, ಲಗೂ!" ಎಂದರು.

ಅಷ್ಟು ಹೊತ್ತಿಗೆ ಆ ಪದಕ್ಕೆ ಗದಗಿನಲ್ಲಿ 'ಬೇಗ' ಎಂಬ ಅರ್ಥವೆಂದು ಅರವತ್ತೆಂಟು ಮಂದಿಗೂ ಗೊತ್ತಾಗಿತ್ತು. ಉಳಿದ ಎಲ್ಲರೂ ಒಟ್ಟಿಗೆ ಸುರಿದರು.

ಕಾರಿಡಾರು ಕ್ಷಣದಲ್ಲಿ ಬೆಳ್ಳಗಾಯಿತು. ನೊರೆ ಪಾದ ಮುಚ್ಚಿ, ಗೋಡೆಗೆ ತಾಗಿ ತಿರುಗಿ, ಇಳಿಜಾರು ಹುಡುಕಿಕೊಂಡು ಮೆಟ್ಟಿಲ ಕಡೆ ಹೊರಟಿತು. ಮೊದಲ ಮೆಟ್ಟಿಲು, ಎರಡನೆಯದು, ಮೂರನೆಯದು. ಮಕ್ಕಳು ಕುಣಿಯುತ್ತಿದ್ದರು. ಶಾರದಾ ಸೀರೆಯ ನಿರಿಗೆ ಎತ್ತಿ ಹಿಡಿದು ಕುರ್ಚಿಯ ಮೇಲೆ ನಿಂತಿದ್ದರು. ಬಾಲಚಂದ್ರ ತಮ್ಮ ಅಂಗೈಯಲ್ಲಿ ಒಂದಿಷ್ಟು ನೊರೆ ತೆಗೆದುಕೊಂಡು, ಅದು ಬೆಚ್ಚಗಿರುವುದನ್ನು ಎಲ್ಲರಿಗೂ ಮುಟ್ಟಿಸುತ್ತ ಓಡಾಡುತ್ತಿದ್ದರು. ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆಂದು ಹೇಳುತ್ತಿದ್ದರು, ಯಾರಿಗೂ ಕೇಳಿಸುತ್ತಿರಲಿಲ್ಲ.

ಆಗ ಕೆಳಗಿನಿಂದ ದುರ್ಗಾಪ್ರಸಾದ್ ಮೆಟ್ಟಿಲು ಎಣಿಸುತ್ತ ಹತ್ತಿ ಬಂದರು. ಎಲ್ಲಿಗೆ ಎಣಿಕೆ ತಪ್ಪಿತೋ ಅಲ್ಲೇ ನೊರೆಯೊಳಗೆ ಬೂಟು ಮುಳುಗಿಸಿಕೊಂಡು ನಿಂತುಬಿಟ್ಟರು.

ಕುಣಿಯುತ್ತಿದ್ದವರು ಗೋಡೆಗೆ ಸರಿದರು. "ಬಾಲಚಂದ್ರಗಾರು" ಎಂದರು ದುರ್ಗಾಪ್ರಸಾದ್, ಬಹಳ ಮೆಲ್ಲಗೆ. "ಕೆಳಗಡೆ ಎರಡು ಸೆಕ್ಷನ್ನಿಗೆ ವಾರದ ಪರೀಕ್ಷೆ ನಡೆದಿದೆ. ಇದು ಯಾವ ಸಿಲಬಸ್ಸಿನಲ್ಲಿದೆ?"

"ತಪ್ಪು ನಂದು" ಎಂದರು ಬಾಲಚಂದ್ರ. "ಸಾಲಾಗಿ ಮಾಡಿಸಬೇಕಿತ್ತು. ಅವಸರ ಮಾಡಿಸಿದ್ದು ನಾನು."

ವೈಸ್ ಪ್ರಿನ್ಸಿಪಾಲರು ಇನ್ನೂ ಹೇಳುವವರಿದ್ದರು. ಆದರೆ ಅವರ ಬೆನ್ನ ಹಿಂದೆ, ಕಾರಿಡಾರಿನ ಕಟ್ಟೆಯ ಮೇಲೆ ಬಿಸಿಲಿನಲ್ಲಿದ್ದ ಒಂದು ಬಾಟಲಿ ಈಗ, ಎಲ್ಲ ಮುಗಿದ ಮೇಲೆ, ತನ್ನಷ್ಟಕ್ಕೆ ತಾನು ಉಕ್ಕತೊಡಗಿತು. ಅದು ಅಮೂಲ್ಯಾ ಮತ್ತು ಧೀರಜ್ ಅವರ ಬಾಟಲಿ. ಅವರ ಪಾಲಿಗೆ ಬಂದದ್ದು ತುರಿಯದ ತುಂಡುಗಳು, ಮಂಜುಗಡ್ಡೆಯಲ್ಲಿಟ್ಟು ತಣಿಸಿದ ದ್ರಾವಣ. ಅಷ್ಟು ಹೊತ್ತೂ ಅದರಲ್ಲಿ ಏನೂ ಆಗದೆ ಇಬ್ಬರೂ ಪೆಚ್ಚುಮೋರೆ ಹಾಕಿಕೊಂಡಿದ್ದರು. ನೊರೆಯ ಬೆರಳೊಂದು ನಿಧಾನವಾಗಿ ಮೇಲೆದ್ದು, ಬಾಗಿ, ದುರ್ಗಾಪ್ರಸಾದರ ತೋಳಿಗೆ ತಾಗಿತು.

ಅವರು ತಿರುಗಿ ನೋಡಿದರು. "ಇದು ಯಾಕೆ ತಡ?"

"ತಣ್ಣಗಿತ್ತು ಸಾರ್, ಅದಕ್ಕೆ" ಎಂದಳು ಅಮೂಲ್ಯಾ.

"ತುಂಡು ದೊಡ್ಡದಿತ್ತು, ಅದಕ್ಕೆ" ಎಂದ ಧೀರಜ್.

"ಎರಡರಲ್ಲಿ ಯಾವುದು?"

ಇಬ್ಬರೂ ಬಾಲಚಂದ್ರರ ಮುಖ ನೋಡಿದರು. ಬಾಲಚಂದ್ರರ ಮುಖವೆಲ್ಲ ಅರಳಿಹೋಯಿತು. "ಗೊತ್ತಿಲ್ಲ" ಎಂದರು. "ಒಂದೇ ಬಾಟಲಿಯಲ್ಲಿ ಎರಡನ್ನೂ ಬದಲಿಸಿಬಿಟ್ಟೆ. ಹಾಗೆ ಮಾಡಬಾರದಿತ್ತು."

"ಒಂದು ಸಮೀಕರಣ, ಎರಡು ಅಜ್ಞಾತ" ಎಂದು ಗಣಿತದ ಮನುಷ್ಯ ಗದರಿದರು. "ಬಿಡಿಸಲಿಕ್ಕೆ ಹೇಗಾಗುತ್ತದೆ? ತುಂಡು ಅದೇ ಇಟ್ಟು ಬರೀ ಶಾಖ ಬದಲಿಸಿ ಮತ್ತೆ ಮಾಡಬೇಕು." ಹೇಳಿದ ಮೇಲೆ ತಮ್ಮ ಬಾಯಿಂದ ಬಂದದ್ದೇನೆಂದು ಅವರಿಗೆ ತಿಳಿಯಿತು. ಅಷ್ಟರಲ್ಲಿ ಅರವತ್ತೆಂಟು ಗಂಟಲು 'ಮತ್ತೆ' ಎನ್ನುವ ಮಾತನ್ನು ಎತ್ತಿಕೊಂಡಾಗಿತ್ತು. ಅವರು ಕೈ ಎತ್ತಿ ಸುಮ್ಮನಿರಿಸಿದರು. ತುಟಿಯ ಮೂಲೆ ಮಾತ್ರ ಅವರ ಮಾತು ಕೇಳಲಿಲ್ಲ.

"ಮೊದಲು ನೆಲ ತೊಳೆಯಿರಿ" ಎಂದು ಹೇಳಿ ಒದ್ದೆ ಬೂಟಿನಲ್ಲಿ ಇಳಿದುಹೋದರು.

ತೊಳೆಯುವುದೇನೂ ಕಷ್ಟವಾಗಲಿಲ್ಲ. ಪಾತ್ರೆ ತೊಳೆಯುವ ದ್ರಾವಣ ಆಗಲೇ ಅರ್ಧ ಕೆಲಸ ಮಾಡಿತ್ತು. ಆ ಮೆಟ್ಟಿಲುಗಳ ಕಲ್ಲು ಬೂದಿ ಬಣ್ಣದ್ದೆಂದು ಎಲ್ಲರೂ ತಿಳಿದಿದ್ದರು, ಅದು ಹಸಿರು ಎಂದು ಅಂದು ಗೊತ್ತಾಯಿತು.

ಪರೀಕ್ಷೆಯ ವಿಷಯ ಹೇಳಬೇಕು. ಈ ಅಧ್ಯಾಯದ ವಾರದ ಪರೀಕ್ಷೆಯಲ್ಲಿ ಬಾಲಚಂದ್ರರ ಸೆಕ್ಷನ್ನು ಮೊದಲು ಬರಲಿಲ್ಲ, ಐದರಲ್ಲಿ ಮೂರನೆಯದು. ಕ್ಯಾಟಲಿಸ್ಟಿನ ನಾಲ್ಕು ದಿನದ ಪಾಠಕ್ಕೆ ಅವರು ಹತ್ತು ದಿನ ತೆಗೆದುಕೊಂಡು, ಕೊನೆಯ ಲೆಕ್ಕಗಳನ್ನು ಓಡಿಸಿದ್ದರು. ಆದರೆ ಎನ್‌ಜೈಮುಗಳು ಬಿಸಿಗೆ ಯಾಕೆ ಕೆಲಸ ನಿಲ್ಲಿಸುತ್ತವೆ ಎಂಬ ಪ್ರಶ್ನೆಗೆ ಬೇರೆ ಸೆಕ್ಷನ್ನಿನವರು ಪುಸ್ತಕದ ಸಾಲು ಬರೆದಿದ್ದರೆ, ಇವರಲ್ಲಿ ಐವತ್ತು ಮಂದಿ ಬೇಯಿಸಿದ ಬಟಾಟಿಯ ಕಥೆ ಬರೆದಿದ್ದರು. ಹನ್ನೊಂದು ಮಂದಿ ಚಿತ್ರವನ್ನೂ ಬಿಡಿಸಿದ್ದರು. ಒಂದು ಚಿತ್ರದಲ್ಲಿ ಕುರ್ಚಿಯ ಮೇಲೆ ನಿಂತ ಶಾರದಾ ಇದ್ದರು.

ಮೂರು ವಾರಕ್ಕೆ ಸರಿಯಾಗಿ ಹೊಸ ಲೆಕ್ಚರರ್ ಬಂದರು. ಬಾಲಚಂದ್ರ ಕೊನೆಯ ಪಾಠ ಮುಗಿಸಿ ಕೈಗೆ ಹತ್ತಿದ ಚಾಕಿನ ಹುಡಿ ಒರೆಸಿಕೊಳ್ಳುತ್ತ ಕೆಳಗಿಳಿದಾಗ ದುರ್ಗಾಪ್ರಸಾದ್ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

"ಲ್ಯಾಬು ವರ್ಷಕ್ಕೊಂದು ಸಲ ಪ್ರಾಕ್ಟಿಕಲ್ ಪರೀಕ್ಷೆಗೆ ತೆರೆಯುತ್ತೇವೆ" ಎಂದರು. "ಉಳಿದ ದಿನ ಬೀಗ. ಶನಿವಾರ ಮಧ್ಯಾಹ್ನ ಯಾರಾದರೂ ತೆರೆದರೆ ನನ್ನದೇನೂ ಅಭ್ಯಂತರವಿಲ್ಲ. ಅದು ನೆಲಮಹಡಿಯಲ್ಲಿದೆ. ನೊರೆ ಹರಿದುಹೋಗಲು ಅದಕ್ಕಿಂತ ಕೆಳಗೆ ಏನೂ ಇಲ್ಲ." ಬೀಗದ ಕೈ ಕೊಟ್ಟು ಕೇಳಿದರು: "ಆ ಶಾಖದ್ದು ಮಾಡಿದಿರಾ? ಹತ್ತು ಡಿಗ್ರಿ ಏರಿದರೆ ವೇಗ ಎಷ್ಟು ಪಟ್ಟಾಯಿತು?"

"ನೀವೇ ಬನ್ನಿ ಸಾರ್, ಗ್ರಾಫು ಹಾಕುವವರು ಬೇಕು."

ಬಂದರು. ಮೊದಲ ಶನಿವಾರ ಮಂಜುಗಡ್ಡೆ, ಥರ್ಮಾಮೀಟರು, ಸ್ಟಾಪ್‌ವಾಚು, ಗ್ರಾಫ್ ಹಾಳೆ. ಎಲ್ಲೆಲ್ಲೂ ಜೇಡರ ಬಲೆ ಇದ್ದ ಆ ಲ್ಯಾಬಿನಲ್ಲಿ ಇಪ್ಪತ್ತು ಮಂದಿ ಇದ್ದರು. ಎರಡನೇ ಶನಿವಾರ ನಲವತ್ತಾದರು. ಮೂರನೇ ಶನಿವಾರ ಬಾಗಿಲಲ್ಲಿ ಕೆಮಿಸ್ಟ್ರಿಯೇ ಇಲ್ಲದ ಕಾಮರ್ಸ್ ಗುಂಪಿನ ಆರು ಹುಡುಗಿಯರು ಬಂದು ನಿಂತರು. ಅವರ ಪರವಾಗಿ ಪ್ರತ್ಯೂಷಾ ಎಂಬವಳು ಕೇಳಿದಳು, "ಸಾರ್, ನಾವು ಬರಬಹುದಾ? ನಮಗೆ ಇದು ಪರೀಕ್ಷೆಗೆ ಇಲ್ಲ."

"ಪರೀಕ್ಷೆಗೆ ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಬನ್ನಿ" ಎಂದು ಬಾಲಚಂದ್ರ ಬೆಂಚು ಸರಿಸಿದರು.

ಮೊದಲಿನಿಂದ ಶುರು ಮಾಡಿದರು. ಪ್ರತ್ಯೂಷಾ ಎಲ್ಲವನ್ನೂ ಕೇಳಿ, ಕೈ ಎತ್ತಿದಳು. ಅವಳ ಮನೆಯಲ್ಲಿ ಇಡ್ಲಿ ಹಿಟ್ಟು ಬೇಸಿಗೆಯಲ್ಲಿ ಉಕ್ಕಿ ಚೆಲ್ಲುತ್ತದೆ, ಡಿಸೆಂಬರಿನಲ್ಲಿ ಎದ್ದೇಳುವುದಿಲ್ಲ. ಅದೂ ಇದೇ ಲೆಕ್ಕವೇ?

ಬಾಲಚಂದ್ರ ಉತ್ತರಿಸಲು ತಿರುಗುವಷ್ಟರಲ್ಲಿ ಶಾರದಾ ತುರಿಮಣೆ ಬದಿಗಿಟ್ಟು ಎದ್ದಿದ್ದರು. ಅವರ ತೆಲುಗು ಗಂಡನದಕ್ಕಿಂತ ಒಂದು ಹಿಡಿ ಕಡಿಮೆ, ಧೈರ್ಯ ನಾಲ್ಕು ಹಿಡಿ ಹೆಚ್ಚು.

"ಅದೇ ಅಮ್ಮಾ. ಹಿಟ್ಟಿನಲ್ಲಿ ಸಣ್ಣ ಸಣ್ಣ ಜೀವ ಇರ್ತಾವ. ಮಾ ಗದಗ್‌ಲೋ ಚಳಿಗೆ ಹದಿನಾಲ್ಕು ತಾಸು, ಇಕ್ಕಡ ಮೇ ತಿಂಗಳಲ್ಲಿ ಐದೇ ತಾಸು. ಹಂಗಂತ ಒಲಿ ಮೇಲೆ ಇಟ್ರ ಎಲ್ಲಾ ಸತ್ತುಹೋಗ್ತಾವ, ಆಮೇಲೆ ಎಷ್ಟು ಹೊತ್ತು ಕಾದ್ರೂ ಏಳಂಗಿಲ್ಲ."

ಆರು ಹುಡುಗಿಯರೂ ಬರೆದುಕೊಳ್ಳುತ್ತಿದ್ದರು. ದುರ್ಗಾಪ್ರಸಾದ್ ಗ್ರಾಫ್ ಹಾಳೆಯ ಅಂಚಿನಲ್ಲಿ ಹದಿನಾಲ್ಕು, ಐದು ಎಂದು ಗುರುತು ಹಾಕಿಕೊಂಡು ಗದಗಿನ ಚಳಿ ಎಷ್ಟು ಡಿಗ್ರಿ ಎಂದು ಕೇಳಿದರು. ಶಾರದಾ ಹಲಗೆಯ ಹತ್ತಿರ ಹೋದರು. ಅಲ್ಲಿ ಬರೆಯಲು ಜಾಗವಿರಲಿಲ್ಲ.

"ರೀ" ಎಂದರು ಹಿಂದಿನ ಬೆಂಚಿನಲ್ಲಿ ಆರಾಮವಾಗಿ ಕೂತ ಗಂಡನ ಕಡೆ ತಿರುಗಿ, "ಅದನ್ನಷ್ಟು ಒರಸ್ರಿ."

ಬಾಲಚಂದ್ರ ಡಸ್ಟರು ತೆಗೆದುಕೊಂಡು ಎದ್ದರು.